ಮನೆಯಿಂದ ಬಸ್ ಸ್ಟಾಪಿನವರೆಗೆ ಫುಟ್‌ಪಾತ್ ಅಳೆಯುವುದು ಹೇಗೆ

ಸುಮ್ನೆ "ರಸ್ತೆ ಸರಿಯಿಲ್ಲ" ಎಂದು ದೂರು ಕೊಟ್ಟರೆ ಯಾರೂ ಕದಲುವುದಿಲ್ಲ. ಅಳತೆ ಸಮೇತ ಕೊಡಿ. ಬೆಂಗಳೂರಿನ ಜಯನಗರದಲ್ಲಿ ಅಮ್ಮ ಬಸ್ಸಿಗೆ ಹೋಗುವ ದಾರಿಯನ್ನು ನಾನು ಹೀಗೇ ಅಳೆದೆ.

ಒಂದು ಟೇಪು, ಮೊಬೈಲು, ಜೊತೆಗೆ ಕೋಲು ಹಿಡಿದು ನಡೆಯುವ ಹಿರಿಯರೊಬ್ಬರು ಬೇಕು. ನಮ್ಮ ಕಣ್ಣಿಗೆ ಬೀಳದ್ದು ಅವರ ಕಾಲಿಗೆ ಗೊತ್ತಾಗುತ್ತದೆ.

ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಸಿಗಬೇಕು. ಟ್ರಾನ್ಸ್‌ಫಾರ್ಮರ್ ಇದ್ದರೆ ಅದರ ಪಕ್ಕ ಉಳಿದ ಜಾಗವನ್ನಷ್ಟೇ ಅಳೆಯಿರಿ. ರಸ್ತೆಯಿಂದ ಫುಟ್‌ಪಾತ್ ಅಂಚಿನ ಎತ್ತರ 15 ಸೆಂ.ಮೀ. ದಾಟಬಾರದು. ನಮ್ಮಲ್ಲಿ ಪ್ರತಿ ಗೇಟಿನ ಮುಂದೆ ಫುಟ್‌ಪಾತ್ ಇಳಿದು ಮತ್ತೆ ಏರುತ್ತದೆ. ಅಮ್ಮ ಕೋಲನ್ನು ಕೆಳಗೆ ಊರಿ, ಗೇಟಿನ ಕಂಬ ಹಿಡಿದು, ಆಮೇಲೆ ಬಲಗಾಲು ಇಳಿಸುತ್ತಾರೆ. ನಾಲ್ಕು ಗೇಟು ದಾಟುವಷ್ಟರಲ್ಲಿ ಸುಸ್ತಾಗಿ ರಸ್ತೆಗೇ ಇಳಿಯುತ್ತಾರೆ, ಗಾಡಿಗಳ ನಡುವೆ! ಇದನ್ನು ವಿಡಿಯೊ ಮಾಡಿ. ಫೋಟೊಗಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಸಿಗ್ನಲ್‌ನಲ್ಲಿ ನಡೆಯುವವರಿಗೆ ಎಷ್ಟು ಸೆಕೆಂಡು ಹಸಿರು ಸಿಗುತ್ತದೆ, ಹಿರಿಯರು ದಾಟಲು ಎಷ್ಟು ಬೇಕು, ಎರಡನ್ನೂ ಬರೆದುಕೊಳ್ಳಿ. ಮೋರಿಯ ಜಾಲರಿಯನ್ನೂ ನೋಡಿ. ಸಂದುಗಳು ರಸ್ತೆಯುದ್ದಕ್ಕೆ ಇದ್ದರೆ ಸೈಕಲ್ ಚಕ್ರ ಸಿಕ್ಕಿಕೊಳ್ಳುತ್ತದೆ, ಅಡ್ಡಕ್ಕೆ ಇರಬೇಕು. ಕತ್ತಲಾದ ಮೇಲೆ ಇನ್ನೊಮ್ಮೆ ನಡೆದು ಬೀದಿದೀಪ ನೋಡಿ.

ಒಂದು ಅರ್ಜಿಯಲ್ಲಿ ಒಂದೇ ಕೆಲಸ ಕೇಳಿ: ಇಂಥ ಮನೆ ಎದುರಿನ ಕಂಬ ಸರಿಸಿ, ಇಂಥ ಚಪ್ಪಡಿ ಕೂರಿಸಿ. ಸಿಗ್ನಲ್ ವಿಷಯ ಟ್ರಾಫಿಕ್ ಪೊಲೀಸರಿಗೆ, ಫುಟ್‌ಪಾತ್ ಪಾಲಿಕೆಯ ಎಂಜಿನಿಯರ್‌ಗೆ. "ಇಲ್ಲಿ ಆಗಲ್ಲ" ಎಂದರೆ ಬೆಂಗಳೂರಿನ ರಸ್ತೆಗಳನ್ನು ಒಳ್ಳೆಯ ಫುಟ್‌ಪಾತ್ ಸಮೇತ ಹೊಸದಾಗಿ ಕಟ್ಟಿದ ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಮಾಡಿದ ರೆಸಿಡೆನ್ಸಿ ರೋಡ್ ತೋರಿಸಿ. ಅಲ್ಲಿ ಆಯಿತು, ಅಲ್ವಾ? ಸ್ವೀಕೃತಿ ಪಡೆಯದೆ ಮಾತ್ರ ಹೊರಡಬೇಡಿ.