ಎಚ್‌ಎಲ್‌ಎ ವರದಿಯನ್ನು ಓದುವುದು ಹೇಗೆ?

ಮೂತ್ರಪಿಂಡ ಅಥವಾ ಅಸ್ಥಿಮಜ್ಜೆಯ ಕಸಿಗೆ ಮುನ್ನ ರೋಗಿಗೂ ದಾನಿಗೂ ಮಾಡಿಸುವ ಎಚ್‌ಎಲ್‌ಎ (ಹ್ಯೂಮನ್ ಲ್ಯೂಕೊಸೈಟ್ ಆಂಟಿಜೆನ್) ಪರೀಕ್ಷೆಯ ವರದಿ ಕೈಗೆ ಬಂದಾಗ, ಮನೆಯವರ ಕಣ್ಣು ಮೊದಲು ಹೋಗುವುದು ‘6ರಲ್ಲಿ 3 ಹೊಂದಾಣಿಕೆ’ ಎಂಬಂಥ ಸಾಲಿನ ಮೇಲೆ. ಅದನ್ನು ಅಂಕಪಟ್ಟಿಯಂತೆ ಓದಿ ಹಿಗ್ಗುವುದೂ ಕುಗ್ಗುವುದೂ ಸಹಜವೇ ಆದರೂ, ಆ ಒಂದು ಅಂಕಿಯಿಂದ ತಿಳಿಯುವುದು ಕಡಿಮೆ. ಯಾವ ಪ್ರತಿಜನಕ (ಕೋಶದ ಹೊರಮೈಯ ಗುರುತಿನ ಪ್ರೋಟೀನು; ಎಚ್‌ಎಲ್‌ಎ ಎಂದರೆ ಇವೇ) ಯಾರಲ್ಲಿದೆ, ಯಾರಲ್ಲಿಲ್ಲ ಎಂಬುದನ್ನು ಒಂದೊಂದಾಗಿ ನೋಡಿಕೊಂಡರೆ ವೈದ್ಯರ ಮುಂದೆ ಕೂತಾಗ ಸರಿಯಾದ ಪ್ರಶ್ನೆ ಕೇಳಬಹುದು.

ವರದಿಯನ್ನು ಬಿಡಿಸುವ ಮೊದಲು ಈ ಪ್ರತಿಜನಕಗಳು ದೇಹದಲ್ಲಿ ಏಕೆ ಇವೆ ಎಂಬುದು ಗೊತ್ತಿರಬೇಕು. ಕಸಿಗೆ ಅಡ್ಡಿಪಡಿಸಲೆಂದು ಅವು ಹುಟ್ಟಿದವಲ್ಲ. ಜೀವಕೋಶದೊಳಗೆ ಪ್ರೋಟೀನುಗಳು ತುಂಡಾಗುತ್ತಲೇ ಇರುತ್ತವೆ. ಆ ತುಣುಕುಗಳಲ್ಲಿ ಕೆಲವನ್ನು ಹಿಡಿದು ಕೋಶದ ಹೊರಮೈಗೆ ತಂದು ತೋರಿಸುವುದು ಎಚ್‌ಎಲ್‌ಎ ಅಣುಗಳ ಕೆಲಸ. ದೇಹದ ರಕ್ಷಣಾ ವ್ಯವಸ್ಥೆಯ ಟಿ-ಕೋಶಗಳು ವೈರಾಣುವನ್ನು ಇಡಿಯಾಗಿ ಗುರುತಿಸುವುದಿಲ್ಲ. ಎಚ್‌ಎಲ್‌ಎ ಅಣುವಿನ ಕೊರಕಲಿನಲ್ಲಿ ಕುಳಿತ ತುಣುಕನ್ನು, ಆ ಅಣುವಿನ ಸಮೇತವಾಗಿ, ತಡವಿ ನೋಡುತ್ತವೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪೀಟರ್ ಡೋಹರ್ಟಿ ಮತ್ತು ರೋಲ್ಫ್ ಜಿಂಕರ್‌ನಾಗೆಲ್ ಅವರು 1974ರಲ್ಲಿ ಇಲಿಗಳ ಮೇಲೆ ಪ್ರಕಟಿಸಿದ ಪ್ರಯೋಗಗಳು ಇದನ್ನೇ ತೋರಿಸಿದವು: ಸೋಂಕು ತಗುಲಿದ ಇಲಿಯ ಟಿ-ಕೋಶಗಳು ಅದೇ ವೈರಾಣು ಹೊಕ್ಕ ಬೇರೆ ತಳಿಯ ಇಲಿಯ ಕೋಶಗಳನ್ನು ಕೊಲ್ಲಲಿಲ್ಲ, ತಮ್ಮದೇ ಬಗೆಯ ಪ್ರತಿಜನಕ ಹೊತ್ತ ಕೋಶಗಳನ್ನು ಮಾತ್ರ ಕೊಂದವು. ಇದಕ್ಕೆ 1996ರಲ್ಲಿ ಇಬ್ಬರಿಗೂ ನೊಬೆಲ್ ಬಂದಿತು. ತನ್ನ ಎಚ್‌ಎಲ್‌ಎಯನ್ನೇ ನೋಡಿ ಪಳಗಿದ ಟಿ-ಕೋಶಕ್ಕೆ ಪರರ ಅಂಗದ ಎಚ್‌ಎಲ್‌ಎ ಎದುರಾದರೆ, ಅದು ಸೋಂಕು ತಗುಲಿದ ಕೋಶದಂತೆಯೇ ತೋರಬಹುದು. ಕಸಿಯಾದ ಅಂಗವನ್ನು ದೇಹ ತಿರಸ್ಕರಿಸುವುದರ ಮುಖ್ಯ ಮೂಲ ಇದೇ.

ಈಗ ವರದಿಗೆ ಬರೋಣ. ಮೊದಲು, ಎಚ್‌ಎಲ್‌ಎ ಬಗೆಗಳನ್ನು ಸೂಚಿಸುವ ಅಕ್ಷರಗಳನ್ನು ಎರಡು ಗುಂಪು ಮಾಡಿಕೊಳ್ಳಿ. ಎ, ಬಿ ಮತ್ತು ಸಿ ಒಂದನೇ ವರ್ಗದವು; ಕೋಶಕೇಂದ್ರವುಳ್ಳ ಬಹುತೇಕ ಎಲ್ಲ ಕೋಶಗಳ ಮೇಲೂ ಇರುತ್ತವೆ ಮತ್ತು ಕೋಶದ ಒಳಗಿನ ಪ್ರೋಟೀನಿನ ತುಣುಕನ್ನು, ಕೊಲ್ಲುವ ಸಾಮರ್ಥ್ಯವುಳ್ಳ ಸಿಡಿ8 ಟಿ-ಕೋಶಗಳಿಗೆ ತೋರಿಸುತ್ತವೆ. ಡಿಆರ್, ಡಿಕ್ಯೂ ಮತ್ತು ಡಿಪಿ ಎರಡನೇ ವರ್ಗದವು; ಮುಖ್ಯವಾಗಿ ಡೆಂಡ್ರಿಟಿಕ್ ಕೋಶ, ಮ್ಯಾಕ್ರೊಫೇಜ್ ಮತ್ತು ಬಿ-ಕೋಶ ಎಂಬ ರಕ್ಷಣಾ ಕೋಶಗಳ ಮೇಲಿದ್ದು, ಹೊರಗಿನಿಂದ ನುಂಗಿದ ಪ್ರೋಟೀನಿನ ತುಣುಕನ್ನು ಸಿಡಿ4 ಟಿ-ಕೋಶಗಳಿಗೆ ಒಪ್ಪಿಸುತ್ತವೆ. ಪ್ರತಿಕಾಯ (ಪರಕೀಯ ವಸ್ತುವಿಗೆ ಅಂಟಿಕೊಳ್ಳುವ ರಕ್ಷಣಾ ಪ್ರೋಟೀನು) ತಯಾರಿಗೆ ಬಿ-ಕೋಶವನ್ನು ಹುರಿದುಂಬಿಸುವುದು ಈ ಸಿಡಿ4 ಕೋಶಗಳೇ.

ಎರಡನೆಯದಾಗಿ, ಪ್ರತಿ ಅಕ್ಷರದ ಮುಂದೆ ಎರಡು ನಮೂದುಗಳಿವೆಯೇ ನೋಡಿ. ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ಎರಡೂ ಒಂದೇ ಆಗಿದ್ದರೆ ಕೆಲವು ಪ್ರಯೋಗಾಲಯಗಳು ಒಂದನ್ನು ಬರೆದು ಪಕ್ಕದಲ್ಲಿ ಗೆರೆ ಎಳೆಯುತ್ತವೆ. ಅದನ್ನು ವರದಿಯ ದೋಷವೆಂದು ಭಾವಿಸಬೇಕಿಲ್ಲ, ಆದರೂ ಒಮ್ಮೆ ಕೇಳಿಕೊಳ್ಳುವುದು ಲೇಸು.

ಮೂರನೆಯದಾಗಿ, ಸಂಖ್ಯೆಗಳು. ‘ಎ*02:01’ ಎಂದಿದ್ದರೆ, ನಕ್ಷತ್ರದ ಗುರುತು ಡಿಎನ್‌ಎ ಪರೀಕ್ಷೆ ನಡೆದಿದೆ ಎಂದು ಹೇಳುತ್ತದೆ; ‘02’ ಗುಂಪು, ‘01’ ಆ ಗುಂಪಿನೊಳಗಿನ ನಿರ್ದಿಷ್ಟ ಪ್ರೋಟೀನು. ಇಬ್ಬರಲ್ಲೂ ‘02’ ಇದ್ದು, ಒಬ್ಬರಲ್ಲಿ ‘01’, ಇನ್ನೊಬ್ಬರಲ್ಲಿ ‘06’ ಇದ್ದರೆ ಅದು ಗುಂಪಿನ ಮಟ್ಟದ ಹೊಂದಾಣಿಕೆಯಷ್ಟೆ. ಕೊರಕಲಿನ ಕೆಲವೇ ಅಮೈನೊ ಆಮ್ಲಗಳು ಬದಲಾದರೂ ಅಲ್ಲಿ ಕೂರುವ ತುಣುಕು ಬದಲಾಗಬಲ್ಲದು, ಟಿ-ಕೋಶಕ್ಕೆ ಅದು ಸಣ್ಣ ವ್ಯತ್ಯಾಸವಲ್ಲ. ಆದ್ದರಿಂದ ಅಸ್ಥಿಮಜ್ಜೆಯ ಕಸಿಯಲ್ಲಿ ಎರಡೂ ಸಂಖ್ಯೆಗಳನ್ನು ನೋಡಲೇಬೇಕು.

ನಾಲ್ಕನೆಯ ಹೆಜ್ಜೆಯಲ್ಲೇ ಹೆಚ್ಚಿನವರು ಎಡವುವುದು: ಹೊಂದಾಣಿಕೆಗೆ ದಿಕ್ಕು ಉಂಟು. ರೋಗಿಯಲ್ಲಿ ಎ*02:01 ಮತ್ತು ಎ*24:02 ಇವೆ, ದಾನಿಯಲ್ಲಿ ಎರಡೂ ಎ*02:01 ಎಂದಿಟ್ಟುಕೊಳ್ಳಿ. ದಾನಿಯ ಮೂತ್ರಪಿಂಡದಲ್ಲಿ ಈ ಸ್ಥಾನದ ಮಟ್ಟಿಗೆ ರೋಗಿಗೆ ಅಪರಿಚಿತವಾದದ್ದು ಏನೂ ಇಲ್ಲ, ಹಾಗಾಗಿ ತಿರಸ್ಕಾರದ ದೃಷ್ಟಿಯಿಂದ ಇಲ್ಲಿ ವ್ಯತ್ಯಾಸವೇ ಇಲ್ಲ. ಇದೇ ಜೋಡಿಯ ನಡುವೆ ಅಸ್ಥಿಮಜ್ಜೆಯ ಕಸಿ ನಡೆದರೆ ಲೆಕ್ಕ ತಿರುಗುಮುರುಗಾಗುತ್ತದೆ: ಮಜ್ಜೆಯೊಡನೆ ಬಂದ ದಾನಿಯ ಟಿ-ಕೋಶಗಳಿಗೆ ರೋಗಿಯ ಮೈತುಂಬ ಇರುವ ಎ*24:02 ಪರಕೀಯವಾಗಿ ಕಂಡು, ಚರ್ಮ, ಕರುಳು, ಯಕೃತ್ತುಗಳ ಮೇಲೆ ದಾಳಿ ನಡೆಯಬಹುದು. ವರದಿಯಲ್ಲಿ ಒಟ್ಟು ಅಂಕಿಯನ್ನಷ್ಟೇ ಕೊಟ್ಟಿದ್ದರೆ ‘ಯಾವ ದಿಕ್ಕಿನ ಲೆಕ್ಕ?’ ಎಂದು ಕೇಳಿ.

ದಾನಿ ಯಾರು ಎಂಬುದನ್ನೂ ಇದೇ ಹಂತದಲ್ಲಿ ಗಮನಿಸಿ. ಎಚ್‌ಎಲ್‌ಎ ಜೀನುಗಳು 6ನೇ ವರ್ಣತಂತುವಿನಲ್ಲಿ ಒತ್ತೊತ್ತಾಗಿರುವುದರಿಂದ ಸಾಮಾನ್ಯವಾಗಿ ಒಂದೇ ಕಂತೆಯಾಗಿ ಮಕ್ಕಳಿಗೆ ಬರುತ್ತವೆ. ಹಾಗಾಗಿ ತಂದೆ ಅಥವಾ ತಾಯಿ ಮಗುವಿಗೆ ಅರ್ಧ ಹೊಂದುವುದು ಬಹುತೇಕ ಖಚಿತ. ಎ, ಬಿ, ಡಿಆರ್ ಲೆಕ್ಕದಲ್ಲಿ ‘6ರಲ್ಲಿ 3’ ಎಂದರೆ ಇದೇ, ಅದರಲ್ಲಿ ಗಾಬರಿಪಡುವಂಥದ್ದಿಲ್ಲ. ಒಡಹುಟ್ಟಿದವರ ನಡುವೆ ಪೂರ್ತಿ ಹೊಂದುವ ಸಾಧ್ಯತೆ ಶೇ 25, ಅರ್ಧ ಹೊಂದುವುದು ಶೇ 50, ಏನೂ ಹೊಂದದಿರುವುದು ಶೇ 25. ತಿರಸ್ಕಾರ ತಡೆಯುವ ಔಷಧಗಳು ಬಂದ ಮೇಲೆ ಏನೇನೂ ಹೊಂದದವರ ಮೂತ್ರಪಿಂಡವನ್ನೂ ಕಸಿ ಮಾಡಲಾಗುತ್ತಿದೆ. ಅರ್ಧ ಹೊಂದುವ ದಾನಿಯ ಮಜ್ಜೆಯ ಕಸಿಯೂ ಈಗ ಅಪರೂಪವಲ್ಲ.

ಕೊನೆಯದಾಗಿ ಪ್ರತಿಕಾಯಗಳ ಪುಟವನ್ನು ಹುಡುಕಿ. ನನ್ನ ಮಟ್ಟಿಗೆ ಮೂತ್ರಪಿಂಡದ ಕಸಿಯಲ್ಲಿ ಮೊದಲು ನೋಡಬೇಕಾದ ಪುಟ ಇದು. ಗರ್ಭಧಾರಣೆ, ರಕ್ತ ಪೂರಣ ಅಥವಾ ಹಿಂದಿನ ಕಸಿಯಿಂದಾಗಿ ರೋಗಿಯ ರಕ್ತದಲ್ಲಿ ಪರರ ಎಚ್‌ಎಲ್‌ಎ ವಿರುದ್ಧ ಪ್ರತಿಕಾಯಗಳು ಮೊದಲೇ ಇರಬಹುದು. ಅವು ಈ ದಾನಿಯ ಪ್ರತಿಜನಕಕ್ಕೇ ಗುರಿಯಿಟ್ಟಿದ್ದರೆ, ಹೊಂದಾಣಿಕೆ ಎಷ್ಟೇ ಚೆನ್ನಾಗಿ ಕಂಡರೂ ಕಸಿಯಾದ ಅಂಗ ನಿಮಿಷಗಳಲ್ಲೋ ಗಂಟೆಗಳಲ್ಲೋ ಕೆಡಬಹುದು. ಇದನ್ನು ತಪ್ಪಿಸಲೆಂದೇ ರೋಗಿಯ ಸೀರಂ (ರಕ್ತದಿಂದ ಬೇರ್ಪಡಿಸಿದ ತಿಳಿ ದ್ರವ) ಮತ್ತು ದಾನಿಯ ಲಿಂಫೊಸೈಟುಗಳನ್ನು (ಒಂದು ಬಗೆಯ ಬಿಳಿ ರಕ್ತಕಣ) ಬೆರೆಸಿ ನೋಡುವ ‘ಕ್ರಾಸ್‌ಮ್ಯಾಚ್’ ಪರೀಕ್ಷೆ ಇದೆ. ಅದರ ಫಲಿತಾಂಶದ ಪಕ್ಕದಲ್ಲಿ ಸೀರಂ ತೆಗೆದ ದಿನಾಂಕವನ್ನು ನೋಡಿ. ಆ ದಿನದ ನಂತರ ರೋಗಿಗೆ ರಕ್ತ ಕೊಟ್ಟಿದ್ದರೆ ವೈದ್ಯರಿಗೆ ತಿಳಿಸಿ, ಹೊಸ ಸೀರಂನಿಂದ ಪರೀಕ್ಷೆಯನ್ನು ಮತ್ತೆ ಮಾಡಬೇಕೇ ಎಂದು ವಿಚಾರಿಸಿ.