ಇವಿಯಲ್ಲಿ ಅಡಾಸ್‌ಗೆ ಹೆಚ್ಚು ಹಣ ಕೊಡಬೇಕೇ? ಕೊಡಗಿನ ರಸ್ತೆಯಲ್ಲಿ ಲೆಕ್ಕ ಹಾಕುವುದು ಹೀಗೆ

ಕೊಡಗಿನಿಂದ ಮೈಸೂರಿಗೋ ಮಂಗಳೂರಿಗೋ ಇಳಿದು ಎಲೆಕ್ಟ್ರಿಕ್ ಕಾರು ಬುಕ್ ಮಾಡುವವರು ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಾರೆ. ಶೋರೂಮಿನ ಎದುರಿನ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸುತ್ತಾರೆ. ಅಲ್ಲಿ ಬಿಳಿ ಗೆರೆ ಸ್ಪಷ್ಟ, ರಸ್ತೆ ನೇರ. ಸ್ಟಿಯರಿಂಗ್ ತಾನೇ ತಿರುಗುತ್ತದೆ, ಮುಂದಿನ ವಾಹನ ನಿಂತರೆ ಕಾರೂ ತಾನೇ ನಿಲ್ಲುತ್ತದೆ. ಕ್ಯಾಮೆರಾ, ರಾಡಾರುಗಳಿಂದ ಚಾಲಕನಿಗೆ ನೆರವಾಗುವ ಇಂಥ ಸೌಲಭ್ಯಗಳಿಗೇ ಒಟ್ಟಾಗಿ ಅಡಾಸ್ ಎನ್ನುವುದು. ಟಾಪ್ ವೇರಿಯಂಟಿಗೆ ಮುಂಗಡ ಕೊಟ್ಟು ಬರುತ್ತಾರೆ. ಊರಿಗೆ ಬಂದ ಮೇಲೆ ತಿರುವಿಗೊಂದು ಬೀಪ್ ಕೇಳಿ ಬೇಸತ್ತು ಒಂದೊಂದಾಗಿ ಎಲ್ಲವನ್ನೂ ಆಫ್ ಮಾಡುತ್ತಾರೆ. ಇನ್ನು ಕೆಲವರು ‘ನಮ್ಮ ಘಾಟಿಗೆ ಇದೆಲ್ಲ ಯಾಕೆ’ ಎಂದು ಪೂರ್ತಿ ಬಿಟ್ಟು, ನಿಜಕ್ಕೂ ಉಪಯೋಗಕ್ಕೆ ಬರುವ ಒಂದೆರಡು ಸೌಲಭ್ಯಗಳನ್ನೂ ಕಳೆದುಕೊಳ್ಳುತ್ತಾರೆ.

ಮೊದಲೇ ಒಂದು ಮಾತು. ನಮ್ಮಲ್ಲಿ ಈಗ ‘ಲೆವೆಲ್ 2’ ಎಂದು ಮಾರುವ ಯಾವ ಕಾರೂ ತಾನೇ ಓಡುವ ಕಾರಲ್ಲ. ವೇಗವನ್ನೂ ಸ್ಟಿಯರಿಂಗನ್ನೂ ಒಟ್ಟಿಗೆ ಸ್ವಲ್ಪ ಹೊತ್ತು ಹಿಡಿದುಕೊಳ್ಳಬಲ್ಲದು, ಅಷ್ಟೆ. ಕಣ್ಣು ರಸ್ತೆಯ ಮೇಲಿರಬೇಕಾದದ್ದು ಚಾಲಕನದು, ಅಪಘಾತವಾದರೆ ಹೊಣೆಯೂ ಚಾಲಕನದೇ.

ಹಂತ 1: ವರ್ಷದ ಓಟವನ್ನು ಪಾಲು ಮಾಡಿ

ಕಾಗದದಲ್ಲಿ ಮೂರು ಸಾಲು ಬರೆಯಿರಿ: ತೋಟ ಮತ್ತು ಊರಿನ ರಸ್ತೆ, ಘಾಟಿ, ನಾಲ್ಕು ಪಥದ ಹೆದ್ದಾರಿ. ಪ್ರತಿ ಸಾಲಿನಲ್ಲಿ ವರ್ಷಕ್ಕೆ ಎಷ್ಟು ಕಿ.ಮೀ. ಎಂದು ಹಾಕಿ.

ಮೂರನೇ ಸಾಲು ಒಟ್ಟು ಓಟದ ಮೂರನೇ ಒಂದು ಪಾಲು ದಾಟಿದರೆ ಅಡಾಸ್ ತೆಗೆದುಕೊಳ್ಳಿ. ಮಕ್ಕಳು ಬೆಂಗಳೂರಿನಲ್ಲಿದ್ದು ತಿಂಗಳಿಗೆರಡು ಸಲ ಹೋಗಿ ಬರುವ ಮನೆಗಳಲ್ಲಿ ಈ ಲೆಕ್ಕ ಸುಲಭವಾಗಿ ದಾಟುತ್ತದೆ. ಮೈಸೂರು–ಬೆಂಗಳೂರು ಹೆದ್ದಾರಿ ಸುಮಾರು 118 ಕಿ.ಮೀ., ಕಾರಿಗೆ ವೇಗದ ಮಿತಿ ಗಂಟೆಗೆ 100. 2023ರ ಆಗಸ್ಟ್‌ನಿಂದ ಮುಖ್ಯ ಪಥಕ್ಕೆ ಬೈಕು, ಆಟೊ ಬಿಡುವುದಿಲ್ಲ. ಮುಂದಿನ ವಾಹನಕ್ಕೆ ತಕ್ಕಂತೆ ವೇಗವನ್ನು ತಾನೇ ಹೊಂದಿಸಿಕೊಳ್ಳುವ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಇಂಥ ರಸ್ತೆಗೆಂದೇ ಮಾಡಿದ್ದು, ಅಲ್ಲಿ ಅದು ಕಾಲಿನ ದಣಿವನ್ನು ನಿಜವಾಗಿಯೂ ಇಳಿಸುತ್ತದೆ. ಓಟವೆಲ್ಲ ಗೋಣಿಕೊಪ್ಪ, ವಿರಾಜಪೇಟೆ, ನಾಪೋಕ್ಲು, ಸೋಮವಾರಪೇಟೆಯೊಳಗೇ ಮುಗಿಯುವುದಾದರೆ ಕ್ರೂಸಿಗೂ, ಕಾರನ್ನು ಗೆರೆಗಳ ನಡುವೆ ಹಿಡಿದಿಡುವ ಲೇನ್ ಕೀಪಿಂಗಿಗೂ ಒಂದು ರೂಪಾಯಿ ಕೊಡಬೇಡಿ.

ಹಂತ 2: ವೇರಿಯಂಟ್ ಪಟ್ಟಿಯನ್ನು ಬಿಡಿಸಿ ಓದಿ

ಅಡಾಸ್ ಒಂಟಿಯಾಗಿ ಬರುವುದು ಅಪರೂಪ. ದೊಡ್ಡ ಬ್ಯಾಟರಿ, ಸನ್‌ರೂಫ್, ತಂಪಾಗುವ ಸೀಟು, ಒಳ್ಳೆಯ ಸ್ಪೀಕರು ಎಲ್ಲವನ್ನೂ ಜೊತೆಗೇ ಕಟ್ಟಿ ಕೊಡುತ್ತಾರೆ. ಎಂಜಿ ವಿಂಡ್ಸರ್‌ಗೆ 2025ರ ಮೇನಲ್ಲಿ ಅಡಾಸ್ ಬಂದದ್ದು 52.9 ಯೂನಿಟ್ ಬ್ಯಾಟರಿಯ ಪ್ರೊ ಮಾದರಿಯ ಜೊತೆಗೆ. ಅಲ್ಲಿ ಹೆಚ್ಚಿನ ಹಣದ ದೊಡ್ಡ ಪಾಲು ಬ್ಯಾಟರಿಗೆ ಹೋಗುತ್ತದೆ. ಟಾಟಾ ಕರ್ವ್ ಇವಿಯಲ್ಲಿ ಲೆಕ್ಕ ಬಿಡಿಸುವುದು ಸುಲಭ. 2024ರ ಆಗಸ್ಟ್‌ನಲ್ಲಿ ಬಿಡುಗಡೆಯಾದಾಗ ಒಂದೇ ಬ್ಯಾಟರಿಯ ಎಂಪವರ್ಡ್ ಪ್ಲಸ್‌ಗೆ 21.25 ಲಕ್ಷ, ಅಡಾಸ್ ಇರುವ ಎಂಪವರ್ಡ್ ಪ್ಲಸ್ ‘ಎ’ಗೆ 21.99 ಲಕ್ಷ ರೂ. ಶೋರೂಂ ಬೆಲೆ ಇತ್ತು. ವ್ಯತ್ಯಾಸ 74 ಸಾವಿರ. ನೀವು ನೋಡುತ್ತಿರುವ ಕಾರಿನಲ್ಲೂ ಹೀಗೇ ಒಂದೇ ಬ್ಯಾಟರಿಯ ಎರಡು ವೇರಿಯಂಟ್ ಹುಡುಕಿ ಕಳೆದು ನೋಡಿ. ಅಂಥ ಜೋಡಿ ಸಿಗದಿದ್ದರೆ ಮೊದಲು ಬ್ಯಾಟರಿ ಬೇಕೇ ಎಂದು ನಿರ್ಧರಿಸಿ, ಅಡಾಸ್ ಆಮೇಲೆ.

ಹಿಂಬದಿ ಪಾರ್ಕಿಂಗ್ ಸೆನ್ಸರು, 80 ಮತ್ತು 120 ಕಿ.ಮೀ. ದಾಟಿದಾಗ ಕೂಗುವ ವೇಗದ ಎಚ್ಚರಿಕೆ, ಬೆಲ್ಟ್ ಎಚ್ಚರಿಕೆ ಇವು 2019ರ ಜುಲೈಯಿಂದ ಎಲ್ಲ ಹೊಸ ಕಾರಿಗೂ ಕಡ್ಡಾಯ. ಇವನ್ನು ‘ಸ್ಮಾರ್ಟ್ ಸೇಫ್ಟಿ’ ಎಂದು ಎಣಿಸಿ ಬೆಲೆ ಸಮರ್ಥಿಸುವ ಮಾರಾಟಗಾರರ ಮಾತು ಕೇಳಬೇಡಿ. ಸುತ್ತಲೂ ತೋರಿಸುವ 360 ಡಿಗ್ರಿ ಕ್ಯಾಮೆರಾ ಅಡಾಸ್ ಅಲ್ಲ, ಆದರೆ ನಮ್ಮ ಕಿರಿದಾದ ರಸ್ತೆಗೆ ಲೇನ್ ಕೀಪಿಂಗಿಗಿಂತ ಅದೇ ಮೇಲು. ಎದುರಿನಿಂದ ಬಸ್ ಬಂದು ಎಡಕ್ಕೆ ಸರಿಯಬೇಕಾದಾಗ ಚಕ್ರಕ್ಕೂ ಚರಂಡಿಗೂ ಎಷ್ಟು ಅಂತರ ಎಂದು ಅದರಲ್ಲಿ ಕಾಣುತ್ತದೆ.

ತೆರಿಗೆಯ ಗೆರೆಯನ್ನೂ ನೋಡಿಕೊಳ್ಳಿ. 2024ರ ತಿದ್ದುಪಡಿಯಲ್ಲಿ ರಾಜ್ಯವು 25 ಲಕ್ಷ ರೂ. ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ ಶೇ 10ರ ಜೀವಿತಾವಧಿ ತೆರಿಗೆ ಹಾಕಿತು. ವೇರಿಯಂಟ್ ಒಂದು ಮೆಟ್ಟಿಲು ಏರಿ ಈ ಗೆರೆ ದಾಟಿದರೆ ತೆರಿಗೆಯೇ ಎರಡೂವರೆ ಲಕ್ಷಕ್ಕಿಂತ ಹೆಚ್ಚಾಗುತ್ತದೆ. ಬುಕ್ ಮಾಡುವ ವಾರ ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ಆಗಿನ ದರ ಕೇಳಿ.

ಹಂತ 3: ಟೆಸ್ಟ್ ಡ್ರೈವ್ ನಿಮ್ಮದೇ ರಸ್ತೆಯಲ್ಲಿ ಮಾಡಿ

ಎಲ್ಲರೂ ಎಡವುವುದು ಇಲ್ಲಿ. ಟೆಸ್ಟ್ ಕಾರನ್ನು ಮನೆಗೆ ತರಿಸಿ, ಅರ್ಧ ದಿನ ಇಟ್ಟುಕೊಳ್ಳಿ. ಕೊಡಗಿಗೆ ಕಾರು ತರಲು ಒಪ್ಪದ ಶೋರೂಂ ನಾಳೆ ಸರ್ವಿಸಿಗೂ ಬರುವುದಿಲ್ಲ, ಬೇರೆ ಶೋರೂಂ ನೋಡಿ. ಕುಶಾಲನಗರದಿಂದ ಆನೆಕಾಡು, ಸುಂಟಿಕೊಪ್ಪ ದಾಟಿ ಮಡಿಕೇರಿ, ಅಲ್ಲಿಂದ ಮದೆನಾಡು, ಜೋಡುಪಾಲದವರೆಗೆ ಇಳಿದು ವಾಪಸ್ ಬನ್ನಿ. ನೇರ ದಾರಿ, ತಿರುವು, ಘಾಟಿ ಮೂರೂ ಈ ದಾರಿಯಲ್ಲಿ ಸಿಗುತ್ತವೆ. ಹೊರಡುವುದು ಬೆಳಿಗ್ಗೆ ಮಂಜು ಕರಗುವ ಮುಂಚೆ, ಇಲ್ಲವೇ ಕತ್ತಲಾದ ಮೇಲೆ. ಹಗಲು ಹನ್ನೊಂದರ ಬಿಸಿಲಿನಲ್ಲಿ ಎಲ್ಲ ಕ್ಯಾಮೆರಾವೂ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಲೇನ್ ಕೀಪಿಂಗ್ ಮೊದಲು. ಹೆಚ್ಚಿನ ಕಾರುಗಳಲ್ಲಿ ಇದು ಗಂಟೆಗೆ ಸುಮಾರು 60 ಕಿ.ಮೀ. ಮೇಲೆ ಮಾತ್ರ ಎಚ್ಚರವಾಗುತ್ತದೆ. ಘಾಟಿಯಲ್ಲಿ ನಾವು ಓಡಿಸುವುದು 25ರಿಂದ 40ರಲ್ಲಿ. ಅಂದರೆ ಸಂಪಾಜೆಯಲ್ಲಾಗಲಿ ಮಾಕುಟ್ಟದಲ್ಲಾಗಲಿ ಅದು ಇದ್ದೂ ಇಲ್ಲದಂತೆ. ಎಚ್ಚರವಾಗುವ ನೇರ ದಾರಿಯಲ್ಲಿ ಇನ್ನೊಂದು ತೊಂದರೆ: ಗುಂಡಿ ತಪ್ಪಿಸಲು ಇಂಡಿಕೇಟರ್ ಹಾಕದೆ ನಡುಗೆರೆಯ ಕಡೆ ಸರಿದರೆ ಸ್ಟಿಯರಿಂಗ್ ನಿಮ್ಮನ್ನು ಗುಂಡಿಯ ಕಡೆಗೇ ಎಳೆಯುತ್ತದೆ. ಆ ಎಳೆತವನ್ನು ಮೀರಲು ಎಷ್ಟು ಬಲ ಬೇಕು ನೋಡಿ. ಮನೆಯಲ್ಲಿ ವಯಸ್ಸಾದವರೂ ಓಡಿಸುವುದಾದರೆ ಅವರ ಕೈಗೇ ಕೊಟ್ಟು ನೋಡಿ. ಸ್ಟಿಯರಿಂಗಿನಲ್ಲೇ ಬಟನ್ ಒತ್ತಿ ಆಫ್ ಮಾಡಬಹುದೋ, ಪರದೆಯಲ್ಲಿ ನಾಲ್ಕು ಕಡೆ ಒತ್ತಬೇಕೋ, ಕಾರು ಆಫ್ ಮಾಡಿ ಮತ್ತೆ ಶುರು ಮಾಡಿದರೆ ನಿಮ್ಮ ಆಯ್ಕೆ ಉಳಿಯುತ್ತದೋ ಇಲ್ಲವೋ ಬರೆದುಕೊಳ್ಳಿ.

ಎರಡನೆಯದು ಕ್ರೂಸ್. ಇದನ್ನು ಆನೆಕಾಡಿನ ಸಣ್ಣ ತಿರುವುಗಳಲ್ಲಿ, ವಾಹನ ಕಡಿಮೆ ಇರುವಾಗ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ನೋಡಿ. ಹೇರ್‌ಪಿನ್ ತಿರುವುಗಳಲ್ಲಿ ಬೇಡವೇ ಬೇಡ, ಕಾರಿನ ಕೈಪಿಡಿಗಳೂ ಅಲ್ಲಿ ಬಳಸಬೇಡಿ ಎಂದೇ ಹೇಳುತ್ತವೆ. ಪರಿಚಯದವರ ಜೀಪನ್ನು ಮುಂದೆ ಬಿಟ್ಟು, ವೇಗ 50ಕ್ಕೆ ಕಟ್ಟಿ ಹಿಂದೆ ಹೋಗಿ. ಜೀಪು 40ರಲ್ಲಿದ್ದರೆ ಕಾರೂ 40ಕ್ಕೆ ಇಳಿಯುತ್ತದೆ. ಜೀಪು ತಿರುವಿನಲ್ಲಿ ಪಕ್ಕಕ್ಕೆ ಸರಿದು ರಾಡಾರಿನ ನೋಟದಿಂದ ತಪ್ಪಿದೊಡನೆ, ಎದುರು ರಸ್ತೆ ಖಾಲಿ ಎಂದುಕೊಂಡು ಕಾರು ಮತ್ತೆ 50ಕ್ಕೆ ಏರಲು ಹೊರಡುತ್ತದೆ. ಪೆಟ್ರೋಲ್ ಕಾರು ಗೇರ್ ಇಳಿಸಿ ಏರುವಷ್ಟರಲ್ಲಿ ಒಂದು ಕ್ಷಣ ಸಿಗುತ್ತದೆ. ಇವಿಯ ಮೋಟಾರಿಗೆ ಆ ತಡವಿಲ್ಲ, ತಿರುವಿನ ಒಳಗೇ ಕಾರು ಮುನ್ನುಗ್ಗುತ್ತದೆ. ಇದು ಆ ಕಾರಿನ ದೋಷವಲ್ಲ, ಈ ತಂತ್ರದ ಮಿತಿ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಘಾಟಿಯಲ್ಲಿ ಕ್ರೂಸ್ ಮುಟ್ಟುವುದಿಲ್ಲ.

ಮೂರನೆಯದು ಡಿಕ್ಕಿ ಎಚ್ಚರಿಕೆ ಮತ್ತು ತಾನೇ ಬ್ರೇಕ್ ಹಾಕುವ ವ್ಯವಸ್ಥೆ. ಹಣ ಕೊಡುವುದಿದ್ದರೆ ಇದಕ್ಕೇ ಕೊಡಬೇಕು. ಸುಂಟಿಕೊಪ್ಪ, ಮಡಿಕೇರಿ ಪೇಟೆಯಲ್ಲಿ ತಟ್ಟನೆ ನಿಲ್ಲುವ ಆಟೊ, ಅಡ್ಡ ಬರುವ ಬೈಕು, ಶಾಲೆ ಬಿಡುವ ಹೊತ್ತಿನ ಮಕ್ಕಳು ಇವಕ್ಕೆ ಇದು ಕಣ್ಣು. ಆದರೆ ಯಾರನ್ನಾದರೂ ಎದುರು ನಿಲ್ಲಿಸಿಯೋ ಡಬ್ಬ ಇಟ್ಟೋ ಪರೀಕ್ಷೆ ಮಾಡಬೇಡಿ. ನೋಡಬೇಕಾದದ್ದು ಸುಳ್ಳು ಎಚ್ಚರಿಕೆ. ಎಡ ತಿರುವಿನಲ್ಲಿ ಕಾರಿನ ಮೂತಿ ಕ್ಷಣಕಾಲ ಎದುರು ಬರುವ ಬಸ್ಸಿನ ಕಡೆಗೇ ಇರುತ್ತದೆ. ರಾಡಾರಿಗೆ ಅದು ಡಿಕ್ಕಿಯ ದಾರಿಯಂತೆ ಕಂಡು ಕೂಗುತ್ತದೆ. ಬರೆಯ (ರಸ್ತೆ ಬದಿಯ ಮಣ್ಣಿನ ದಿಬ್ಬದ) ಪಕ್ಕ ನಿಲ್ಲಿಸಿದ ಪಿಕಪ್ಪಿಗೂ ಹಾಗೇ. ಎಚ್ಚರಿಕೆಯನ್ನು ‘ಬೇಗ, ಸಾಧಾರಣ, ತಡ’ ಎಂದು ಮೂರು ಹಂತದಲ್ಲಿ ಬದಲಿಸುವ ಅವಕಾಶ ಇದೆಯೇ ನೋಡಿ. ‘ತಡ’ದಲ್ಲಿಟ್ಟ ಮೇಲೂ ಮಡಿಕೇರಿ ತಲುಪುವಷ್ಟರಲ್ಲಿ ಆಫ್ ಮಾಡಬೇಕೆನಿಸಿದರೆ ಆ ಕಾರಿನ ಅಡಾಸ್ ನಿಮಗಲ್ಲ. ಹಿಂದೆ ಅಂಟಿಕೊಂಡು ವಾಹನ ಬರುತ್ತಿರುವಾಗ ಕಾರು ಸುಮ್ಮನೆ ಬ್ರೇಕ್ ಹಾಕಿದರೆ ಹಿಂದಿನವರು ಬಂದು ಗುದ್ದುತ್ತಾರೆ. ಅನಗತ್ಯವಾಗಿ ಎರಡು ಸಲ ಗಟ್ಟಿಯಾಗಿ ಬ್ರೇಕ್ ಹಿಡಿದ ಕಾರನ್ನು ಅಲ್ಲಿಗೇ ಬಿಟ್ಟುಬಿಡಿ.

ಕಾಡಾನೆಯ ವಿಷಯದಲ್ಲಿ ಇದನ್ನು ನಂಬಬೇಡಿ. ಈ ವ್ಯವಸ್ಥೆಗಳಿಗೆ ಗುರುತಿಸಲು ಕಲಿಸಿರುವುದು ಮುಖ್ಯವಾಗಿ ವಾಹನ, ಪಾದಚಾರಿ ಮತ್ತು ಸೈಕಲ್‌, ಬೈಕ್ ಸವಾರರನ್ನು. ದೊಡ್ಡ ಪ್ರಾಣಿಗಳನ್ನು ಗುರುತಿಸುವಂತೆ ಮಾಡಿದ ವೋಲ್ವೋ ಕೂಡ ತನ್ನ ವ್ಯವಸ್ಥೆ ಕಾಂಗರೂ ಜಿಗಿತಕ್ಕೆ ಗೊಂದಲಗೊಳ್ಳುತ್ತದೆ ಎಂದು 2017ರಲ್ಲಿ ಒಪ್ಪಿಕೊಂಡಿತ್ತು. ತಿತಿಮತಿ, ಆನೆಚೌಕೂರು, ಸಿದ್ದಾಪುರ, ಅಮ್ಮತ್ತಿ ಕಡೆ ರಾತ್ರಿ ಓಡಿಸುವಾಗ 40ರ ಒಳಗಿನ ವೇಗ ಮತ್ತು ಒಳ್ಳೆಯ ಹೆಡ್‌ಲೈಟೇ ಆಧಾರ.

ಮಂಜಿನಲ್ಲಿ ಏನಾಗುತ್ತದೆ? ಹಿಂಬದಿ ನೋಡುವ ಕನ್ನಡಿಯ ಹಿಂದೆ, ಗಾಜಿಗೆ ಒತ್ತಿ ಕೂತ ಕ್ಯಾಮೆರಾಕ್ಕೆ ನಿಮ್ಮ ಕಣ್ಣಿಗಿಂತ ಹೆಚ್ಚೇನೂ ಕಾಣುವುದಿಲ್ಲ. ರಾಡಾರಿಗೆ ಮಂಜು ಅಷ್ಟಾಗಿ ಅಡ್ಡಿಯಲ್ಲ. ಹಾಗಾಗಿ ಮುಂದೆ ರಾಡಾರೂ ಇದೆಯೋ ಬರೀ ಕ್ಯಾಮೆರಾವೋ ಎಂದು ಖಚಿತವಾಗಿ ಕೇಳಿ. ಬರೀ ಕ್ಯಾಮೆರಾ ಇರುವುದನ್ನು ಮಡಿಕೇರಿಯವರು ತೆಗೆದುಕೊಳ್ಳಲೇಬಾರದು. ಜಡಿಮಳೆಯಲ್ಲಿ ‘ಕ್ಯಾಮೆರಾ ಮರೆಯಾಗಿದೆ’ ಎಂಬ ಸಂದೇಶ ಬಂದು ಎಲ್ಲವೂ ನಿಲ್ಲುವುದು ಸಹಜ. ಗಾಜಿನ ಒಳಬದಿಯಲ್ಲಿ ಹಬೆ ಕಟ್ಟಿದ್ದೂ ಕಾರಣವಾಗಿರಬಹುದು, ಎಸಿಯನ್ನು ಗಾಜಿನ ಕಡೆಗೆ ಬಿಟ್ಟರೆ ಸರಿಹೋಗುತ್ತದೆ. ಸವೆದ ವೈಪರ್ ಬ್ಲೇಡು ಇನ್ನೊಂದು ಕಾರಣ. ಮೇ ಕೊನೆಯಲ್ಲಿ ಬದಲಿಸಿ.

ಕನ್ನಡಿಯಲ್ಲಿ ಕಾಣದ ಜಾಗದಲ್ಲಿ ವಾಹನವಿದ್ದರೆ ತಿಳಿಸುವ ಬ್ಲೈಂಡ್ ಸ್ಪಾಟ್ ಎಚ್ಚರಿಕೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಎಡದಿಂದ ನುಗ್ಗುವ ಬೈಕುಗಳಿಗಾಗಿ ಬೇಕು. ರಿವರ್ಸ್ ಬರುವಾಗ ಅಡ್ಡ ಬರುವ ವಾಹನ ಹೇಳುವ ಸೌಲಭ್ಯವನ್ನು ಮಾತ್ರ ನಿಮ್ಮ ತೋಟದ ಗೇಟಿನಲ್ಲೇ ನೋಡಿ. ಗೇಟಿನ ಎರಡೂ ಕಡೆ ಎತ್ತರದ ಬರೆ ಇದ್ದರೆ ರಾಡಾರಿಗೆ ಮಣ್ಣಿನ ಆಚೆ ಕಾಣುವುದಿಲ್ಲ, ಬಂಪರ್ ಟಾರಿಗೆ ಬಂದ ಮೇಲೆಯೇ ಕೂಗುತ್ತದೆ.

ಇಳಿಜಾರಿನಲ್ಲಿ ಇವಿಗೆ ಸೇರಿದ ಇನ್ನೊಂದು ಪರೀಕ್ಷೆ ಇದೆ. ಮಡಿಕೇರಿಯಿಂದ ಸುಳ್ಯಕ್ಕೆ ಸುಮಾರು 1,000 ಮೀಟರ್ ಇಳಿತ. ಎರಡು ಟನ್ ತೂಗುವ ಕಾರಿನಲ್ಲಿ ಇದು ಹತ್ತಿರ ಹತ್ತಿರ ಐದೂವರೆ ಯೂನಿಟ್ ಶಕ್ತಿ. ಗಾಳಿಗೂ ಟೈರಿಗೂ ಹೋಗಿ ಉಳಿದದ್ದು ಬ್ಯಾಟರಿಗೆ ಮರಳಬೇಕು. ಶೇ 100 ಚಾರ್ಜ್ ಮಾಡಿ ಇಳಿದರೆ ತುಂಬಲು ಜಾಗವೇ ಇರುವುದಿಲ್ಲ. ರೀಜನ್ (ಕಾರನ್ನು ನಿಧಾನ ಮಾಡುತ್ತಲೇ ಆ ಶಕ್ತಿಯನ್ನು ಬ್ಯಾಟರಿಗೆ ಮರಳಿಸುವ ವ್ಯವಸ್ಥೆ) ಕಡಿಮೆಯಾಗಿ, ಕಾಲು ಎತ್ತಿದರೂ ಕಾರು ನಿಧಾನವಾಗದೆ ಜಾರುತ್ತದೆ, ಭಾರವೆಲ್ಲ ಬ್ರೇಕ್ ಪ್ಯಾಡಿನ ಮೇಲೆ. ಮಡಿಕೇರಿಯಲ್ಲಿ ಚಾರ್ಜ್ ಮಾಡಿ ಸಂಪಾಜೆ ಇಳಿಯುವವರು ಶೇ 85ರಿಂದ 90ಕ್ಕೇ ನಿಲ್ಲಿಸಬೇಕು. ಯಾವ ಅಡಾಸೂ ಇದನ್ನು ನಿಮಗಾಗಿ ಮಾಡಿಕೊಡುವುದಿಲ್ಲ.

ಹಂತ 4: ಗಾಜು ಒಡೆದರೆ, ಬಂಪರ್ ತಾಗಿದರೆ

ಮುಂದಿನ ಗಾಜು ಬದಲಿಸಿದರೆ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕು. ಅದಕ್ಕೆ ಸಮತಟ್ಟಾದ ನೆಲ, ಗುರಿಫಲಕ, ಕಂಪನಿಯ ಸಾಫ್ಟ್‌ವೇರ್ ಬೇಕು. ಕೆಲವು ಕಾರುಗಳನ್ನು ಸ್ಪಷ್ಟ ಗೆರೆಯಿರುವ ರಸ್ತೆಯಲ್ಲಿ ಓಡಿಸಿಯೂ ಹೊಂದಿಸಬೇಕಾಗುತ್ತದೆ. ಊರಿನ ಗ್ಯಾರೇಜಿನಲ್ಲಿ ಇದು ಆಗದು. ಬುಕ್ ಮಾಡುವ ಮುಂಚೆ ಮೂರು ಪ್ರಶ್ನೆಗೆ ಬರಹದಲ್ಲಿ ಉತ್ತರ ಪಡೆಯಿರಿ: ಕ್ಯಾಮೆರಾ ಇರುವ ಗಾಜಿನ ಬೆಲೆ, ಹೊಂದಿಸುವ ಶುಲ್ಕ, ಅದು ಯಾವ ಊರಿನ ವರ್ಕ್‌ಶಾಪಿನಲ್ಲಿ ಆಗುತ್ತದೆ.

ವಿಮೆಯಲ್ಲಿ ಜೀರೊ ಡೆಪ್ರಿಸಿಯೇಶನ್ (ಭಾಗಗಳ ಸವಕಳಿ ಕಳೆಯದೆ ಹಣ ಕೊಡುವ ಸೌಲಭ್ಯ) ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗಗಳಿಗೆ ಶೇ 50 ಕಳೆದೇ ಕೊಡುತ್ತಾರೆ. ಬಂಪರ್ ಪ್ಲಾಸ್ಟಿಕ್, ಅದರ ಹಿಂದೆ ರಾಡಾರ್. ಹಾಗಾಗಿ ಅಡಾಸ್ ಕಾರಿಗೆ ಜೀರೊ ಡೆಪ್ ಬಿಡಬೇಡಿ. ಗೀಚಿದ ಬಂಪರಿಗೆ ದಪ್ಪ ಪುಟ್ಟಿ ಮೆತ್ತಿ ಬಣ್ಣ ಹೊಡೆಸಿದರೆ ಒಳಗಿನ ರಾಡಾರ್ ಮಂಕಾಗುತ್ತದೆ, ಆ ಭಾಗಕ್ಕೆ ಪುಟ್ಟಿ ಬೇಡ.

ಬಂಪರಿನ ಮುಂದೆ ಕಬ್ಬಿಣದ ಬುಲ್ ಗಾರ್ಡ್ ಹಾಕಿಸಲೇಬೇಡಿ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದರ ವಿರುದ್ಧ ರಾಜ್ಯಗಳಿಗೆ ಬರೆದಿದೆ. ರಾಡಾರಿನ ಎದುರು ಕಬ್ಬಿಣ ನಿಲ್ಲಿಸಿದರೆ ಕೊಟ್ಟ ಹಣವೆಲ್ಲ ವ್ಯರ್ಥ. ಗಾಜಿಗೆ ಅಂಟಿಸಿ ಬೀಪ್ ಮಾಡುವ ಹೊರಗಿನ ‘ಅಡಾಸ್ ಡ್ಯಾಶ್‌ಕ್ಯಾಮ್’ಗಳೂ ಬೇಡ. ಅವು ಬ್ರೇಕ್ ಹಾಕುವುದಿಲ್ಲ, ನಮ್ಮ ತಿರುವುಗಳಲ್ಲಿ ಬಾಯಿ ಮುಚ್ಚುವುದೂ ಇಲ್ಲ.

ಲೆಕ್ಕ ಹಾಕಿ ಅಡಾಸ್ ಬಿಟ್ಟವರು ಉಳಿದ ಹಣದಲ್ಲಿ ಮೊದಲು ಟೈರ್ ನೋಡಿಕೊಳ್ಳಿ. ಟೈರಿನ ಗೆರೆಗಳ ಆಳಕ್ಕೆ ಕಾನೂನಿನ ಮಿತಿ 1.6 ಮಿ.ಮೀ. ಆದರೂ ಕೊಡಗಿನ ಮಳೆಗೆ 3 ಮಿ.ಮೀ. ಉಳಿದಾಗಲೇ ಬದಲಿಸಬೇಕು. ಇವಿಯ ತೂಕಕ್ಕೆ ಟೈರ್ ಬೇಗ ಸವೆಯುತ್ತದೆ.

ಹಂತ 5: ತೆಗೆದುಕೊಂಡ ಮೇಲೆ

ತಾನೇ ಬ್ರೇಕ್ ಹಾಕುವುದು, ಬ್ಲೈಂಡ್ ಸ್ಪಾಟ್ ಸದಾ ಆನ್. ಎಚ್ಚರಿಕೆ ‘ಸಾಧಾರಣ’ ಅಥವಾ ‘ತಡ’. ಲೇನ್ ಕೀಪಿಂಗ್ ಮೈಸೂರು ದಾಟುವವರೆಗೆ ಆಫ್. ಆಟೊ ಹೈಬೀಮ್ ಘಾಟಿಯಲ್ಲಿ ಆಫ್, ಏಕೆಂದರೆ ತಿರುವಿನಾಚೆಯ ವಾಹನದ ದೀಪ ಎದುರಿಗೆ ಬಂದ ಮೇಲೆಯೇ ಅದು ತಗ್ಗುತ್ತದೆ. ಕ್ಯಾಮೆರಾ ಎದುರಿನ ಗಾಜಿಗೆ ಫಾಸ್ಟ್ಯಾಗ್, ಡ್ಯಾಶ್‌ಕ್ಯಾಮ್ ಅಂಟಿಸಬೇಡಿ, ಕನ್ನಡಿಗೆ ಮಾಲೆ ತೂಗಬೇಡಿ. ಮಳೆಗಾಲದಲ್ಲಿ ತೋಟದಿಂದ ಟಾರಿಗೆ ಬಂದ ಕೂಡಲೇ ಮುಂದಿನ ಬಂಪರಿನ ನಡುಭಾಗ, ಹಿಂದಿನ ಬಂಪರಿನ ಎರಡು ಮೂಲೆ, ರಿವರ್ಸ್ ಕ್ಯಾಮೆರಾ ಇವಿಷ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಂಪು ಮಣ್ಣು ಒಣಗಿದ ಮೇಲೆ ಉಜ್ಜಿದರೆ ಕ್ಯಾಮೆರಾದ ಮಸೂರಕ್ಕೆ ಗೀರು ಬೀಳುತ್ತದೆ. ಆಯುಧಪೂಜೆಯ ದಿನ ಕುಂಕುಮ, ಗಂಧವನ್ನು ಬಾನೆಟ್ಟಿಗೆ ಹಚ್ಚಿ, ಗಾಜಿನ ಮೇಲ್ಭಾಗಕ್ಕೂ ಬಂಪರಿನ ಸೆನ್ಸರಿಗೂ ಬೇಡ. ಹಾರ ಕಟ್ಟಿಕೊಂಡೇ ಓಡಿಸುವುದಾದರೆ ರಾಡಾರಿನ ಜಾಗ ಬಿಟ್ಟು ಕಟ್ಟಿ.