ಸರ್ಟಿಫಿಕೇಟಿಗೆ ಸಹಿ ಹಾಕುವ ಮುಂಚೆ

ಮೊದಲ ಬ್ಯಾಚಿನಲ್ಲಿ ನಾನು ತಪ್ಪು ಮಾಡಿದೆ. ಸಕಲೇಶಪುರ ಕಡೆಯ 12 ಹೆಣ್ಣುಮಕ್ಕಳಿಗೆ ಎಚ್‌ಐವಿ ಆರೈಕೆಯ ತರಬೇತಿ ಕೊಟ್ಟೆ. ಕೊನೆಗೆ 25 ಅಂಕದ ಪರೀಕ್ಷೆ ಮಾಡಿ, ಎಲ್ಲರಿಗೂ ಸರ್ಟಿಫಿಕೇಟ್ ಹಂಚಿದೆ. 24 ಅಂಕ ತೆಗೆದ ಹುಡುಗಿ ಮುಂದಿನ ವಾರವೇ ಒಂದು ತೋಟದ ಕೂಲಿಯವರ ಲೈನ್ ಮನೆಗೆ ಹೋದಳು. ಅಂಗಳದಲ್ಲಿ ನಿಂತು, “ಅಕ್ಕಾ, ಎಆರ್‌ಟಿ ಮಾತ್ರೆ ಸರಿಯಾಗಿ ತಗೋತಿದ್ದೀರಾ?” ಅಂತ ಕೇಳಿದಳು. ಎಆರ್‌ಟಿ ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡಲು ದಿನಾ ತಗೊಳ್ಳುವ ಔಷಧಿ. ಪಕ್ಕದ ಮನೆಯವರು ಬಾಗಿಲಲ್ಲೇ ಇದ್ದರು. ಆಮೇಲೆ ಎರಡು ತಿಂಗಳು ಆ ಅಕ್ಕ ಮಾತ್ರೆ ತರಲು ಹೋಗಲೇ ಇಲ್ಲ.

ಹುಡುಗಿಗೆ ಪಾಠ ಬಾಯಿಪಾಠವಾಗಿತ್ತು. ಎಲ್ಲಿ ನಿಂತು ಮಾತಾಡಬೇಕು ಅನ್ನುವುದನ್ನು ನಾನೇ ಹೇಳಿಕೊಟ್ಟಿರಲಿಲ್ಲ. ಒಪ್ಪಿಗೆ ಇಲ್ಲದೆ ಒಬ್ಬರ ಎಚ್‌ಐವಿ ವಿಷಯ ಹೊರಗೆ ಹೇಳಬಾರದು ಅಂತ 2017ರ ಕಾಯ್ದೆಯೇ ಇದೆ, 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಅದನ್ನೂ ಪರೀಕ್ಷೆಯಲ್ಲಿ ಕೇಳಿದ್ದೆ, ಅವಳು ಸರಿಯಾಗಿಯೇ ಬರೆದಿದ್ದಳು.

ಎರಡನೇ ಸಲ ಎಲ್ಲರನ್ನೂ ಮತ್ತೆ ಕೂರಿಸಿದೆ. ಪ್ರೊಜೆಕ್ಟರ್ ಇರಲಿಲ್ಲ. ಚಾಪೆ, ಖಾಲಿ ಮಾತ್ರೆ ಡಬ್ಬಿಗಳು, ಒಂದು ಸೇರು ಕಾಫಿ ಬೀಜ, ಅಷ್ಟೇ. ಡಬ್ಬಿಗೆ 30 ಬೀಜ ಹಾಕುವುದು. ದಿನಕ್ಕೊಂದು ಮಾತ್ರೆ, 28 ದಿನ ಆದ ಮೇಲೆ 2 ಉಳಿಯಬೇಕು. 5 ಉಳಿದಿದ್ದರೆ? 28ರಲ್ಲಿ 25 ತಗೊಂಡಿದ್ದಾರೆ, ಅಂದರೆ ನೂರಕ್ಕೆ 89. ಬೇಕಾದದ್ದು 95.

ಲೆಕ್ಕ ಹತ್ತೇ ನಿಮಿಷದಲ್ಲಿ ಬಂತು. ಆಮೇಲಿನ ಮಾತಿಗೆ ಎರಡು ದಿನ ಹಿಡಿಯಿತು. “ಯಾಕೆ ತಪ್ಪಿಸಿದ್ರಿ?” ಅಂದರೆ ಯಾರಾದರೂ ಸುಳ್ಳೇ ಹೇಳುತ್ತಾರೆ, ಅಲ್ವಾ? “ಯಾವ ದಿನ ಕಷ್ಟ ಆಯ್ತಕ್ಕಾ?” ಅಂದಾಗ ಉತ್ತರ ಬೇರೆ ಬರುತ್ತದೆ. ಕಾಫಿ ಕುಯ್ಲಿನ ದಿನಗಳಲ್ಲಿ ಸುಸ್ತಾಗಿ ಊಟ ಮಾಡಿದ ಕೂಡಲೇ ನಿದ್ದೆ ಬರುತ್ತದೆ. ಅತ್ತೆ ಪಕ್ಕದಲ್ಲೇ ಮಲಗಿರುತ್ತಾರೆ, ಡಬ್ಬಿ ಗಲಗಲ ಅನ್ನುತ್ತದೆ. ನಮ್ಮ ಬ್ಯಾಚಿನಲ್ಲೇ ಒಂಬತ್ತು ವರ್ಷದಿಂದ ಮಾತ್ರೆ ತಗೊಳ್ಳುತ್ತಿದ್ದ ಒಬ್ಬರಿದ್ದರು. ಅವರಾಗಿಯೇ ಎದ್ದು ಹೇಳಿದರು: “ಡಬ್ಬಿಗೆ ದಪ್ಪ ಬಟ್ಟೆ ಸುತ್ತಿಡಿ. ಸದ್ದು ಅಷ್ಟು ಕೇಳಲ್ಲ.” ಅವತ್ತಿನಿಂದ ಅದು ನನ್ನ ಪಾಠದಲ್ಲಿದೆ. ಮಾತ್ರೆಯನ್ನು ಕಾಗದಕ್ಕೆ ಸುತ್ತಿಡಬೇಡಿ ಅಂತಲೂ ಹೇಳುತ್ತೇನೆ, ಮಲೆನಾಡಿನ ತೇವಕ್ಕೆ ಕೆಡುತ್ತದೆ.

ಎಚ್‌ಐವಿ ಇರುವವರಿಗೆ ಬಳಸಿದ ಸೂಜಿ ಅಕಸ್ಮಾತ್ ಚುಚ್ಚಿಕೊಂಡರೆ 72 ಗಂಟೆಯೊಳಗೆ ಸೋಂಕು ತಡೆಯುವ ಔಷಧಿ ಶುರುವಾಗಬೇಕು, ಆದಷ್ಟು ಬೇಗ ಆದರೆ ಒಳ್ಳೆಯದು, 28 ದಿನ ತಗೊಳ್ಳಬೇಕು. ಇಂಥದ್ದನ್ನು ಬರೆಸಿ ನೋಡಿದರೆ ಸಾಕು.

ಉಳಿದದ್ದಕ್ಕೆ ಮೂರು ಭೇಟಿ. ಮನೆಯವರ ಒಪ್ಪಿಗೆ ಕೇಳಿ ನಾನು ಕಲಿಯುವವಳ ಜೊತೆಗೆ ಹೋಗುತ್ತೇನೆ, ಬಾಯಿ ಬಿಡುವುದಿಲ್ಲ. ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು, ಟಿಬಿಯ ಈ ನಾಲ್ಕನ್ನೂ ಕೇಳಿದಳಾ? ಗೊತ್ತಿಲ್ಲದ್ದಕ್ಕೆ ಸುಮ್ನೆ ಏನೋ ಒಂದು ಹೇಳಿದಳಾ? ಸರಿಹೋಗದಿದ್ದರೆ ಹದಿನೈದು ದಿನ ಬಿಟ್ಟು ಮತ್ತೆ ಹೋಗುತ್ತೇವೆ. ಫೇಲು ಅನ್ನುವುದಿಲ್ಲ.

ಆ 24 ಅಂಕದ ಹುಡುಗಿಗೆ ಐದು ಭೇಟಿ ಬೇಕಾಯಿತು. ಐದನೆಯದರಲ್ಲಿ ಅಂಗಳದಲ್ಲಿ ನಾಲ್ಕು ಜನ ಕೂತಿದ್ದರು. ಅವಳು ಮಳೆ, ಕೂಲಿ ಅಂತ ಮಾತಾಡಿ, “ಅಕ್ಕಾ, ಒಂದು ಲೋಟ ನೀರು ಕೊಡ್ತೀರಾ?” ಅಂತ ಅವರ ಹಿಂದೆಯೇ ಅಡುಗೆಮನೆಗೆ ಹೋದಳು. ನಾನು ಹೊರಗೇ ಕೂತೆ. ಒಳಗಿನ ಮಾತು ಒಂದೂ ಕೇಳಿಸಲಿಲ್ಲ. ಸಂಜೆ ಅವಳ ಹೊಸ ಸರ್ಟಿಫಿಕೇಟಿಗೆ ಸಹಿ ಹಾಕಿದೆ.